ಪುಟ ಹ್ಯಾಂಗ್ ಆಗುವುದು ಬೇರೆ, ಸ್ಕ್ರಾಲ್ ಆಗದಿರುವುದು ಬೇರೆ

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಏಳೆಂಟು ವರ್ಷ ಹಳೆಯದು. ವಿಂಡೋಸ್ 10, 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್ ಇದೆ. ಬ್ರೌಸರ್ ಕ್ರೋಮ್. ಕೆಲವು ತಿಂಗಳಿಂದ ಸುದ್ದಿ ತಾಣಗಳನ್ನು ಓದುತ್ತಿರುವಾಗ ಪುಟ ಇದ್ದಲ್ಲೇ ನಿಂತುಬಿಡುತ್ತದೆ. ಅರ್ಧ ನಿಮಿಷದ ಮೇಲೆ ತಾನೇ ಸರಿಹೋಗುತ್ತದೆ, ಇಲ್ಲವೇ ‘ಪುಟ ಸ್ಪಂದಿಸುತ್ತಿಲ್ಲ’ ಎಂಬ ಸೂಚನೆ ಬರುತ್ತದೆ. ಇನ್ನು ಕೆಲವು ತಾಣಗಳು ಚೆನ್ನಾಗಿಯೇ ತೆರೆದುಕೊಂಡರೂ ಕೆಳಗೆ ಸ್ಕ್ರಾಲ್ ಆಗುವುದಿಲ್ಲ. ವರ್ಡ್‌ನಲ್ಲಿ ಮೌಸ್ ಸರಿಯಾಗಿ ಕೆಲಸ ಮಾಡುತ್ತದೆ. ಕ್ಯಾಶ್ (ಬ್ರೌಸರ್ ಉಳಿಸಿಟ್ಟುಕೊಳ್ಳುವ ಪುಟಗಳ ನಕಲು) ಅಳಿಸಿದೆ, ಕ್ರೋಮ್ ತೆಗೆದು ಮತ್ತೆ ಹಾಕಿದೆ, ಪ್ರಯೋಜನವಾಗಲಿಲ್ಲ. ಅಂಗಡಿಯವರು ಫಾರ್ಮ್ಯಾಟ್ ಮಾಡಿಸಿ ಎನ್ನುತ್ತಾರೆ. ಮಾಡಿಸಬಹುದೇ? (ಸಾಗರದ ಓದುಗರೊಬ್ಬರು)

ಉತ್ತರ: ಈಗಲೇ ಫಾರ್ಮ್ಯಾಟ್ ಮಾಡಿಸಬೇಡಿ. ನೀವು ವಿವರಿಸಿರುವುದರಲ್ಲಿ ಎರಡು ಪ್ರತ್ಯೇಕ ದೋಷಗಳಿವೆ. ಓದುತ್ತಿರುವ ಪುಟ ನಿಂತು, ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಚಲಿಸತೊಡಗಿದರೆ ಅದು ಕಂಪ್ಯೂಟರಿನ ಮೇಲೆ ಬಿದ್ದಿರುವ ಹೊರೆಯ ಲಕ್ಷಣ. ಪುಟ ಪೂರ್ತಿ ತೆರೆದು, ಲಿಂಕುಗಳೂ ಕೆಲಸ ಮಾಡುತ್ತಾ, ಸ್ಕ್ರಾಲ್ ಮಾತ್ರ ಆಗದಿದ್ದರೆ, ಬಹುತೇಕ ಸಂದರ್ಭಗಳಲ್ಲಿ ಆ ಪುಟವೇ ಸ್ಕ್ರಾಲನ್ನು ತಡೆಹಿಡಿದಿದೆ ಎಂದು ತಿಳಿಯಬೇಕು. ಮೊದಲನೆಯದಕ್ಕೆ ಮಾಡುವ ಉಪಾಯ ಎರಡನೆಯದಕ್ಕೆ ನಾಟುವುದಿಲ್ಲ. ಕ್ಯಾಶ್ ಅಳಿಸುವುದು ಇವೆರಡಕ್ಕೂ ಅಪರೂಪಕ್ಕಷ್ಟೇ ಮದ್ದಾಗುತ್ತದೆ. ಹಾಗಿದ್ದೂ ಎಲ್ಲರೂ ಮೊದಲು ಮಾಡುವುದು ಅದನ್ನೇ.

ಬ್ರೌಸರಿನ ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದೆ ಹೇಳುವ ಪರೀಕ್ಷೆಗಳು ಸುಲಭವಾಗಿ ಅರ್ಥವಾಗುತ್ತವೆ. 2008ರಲ್ಲಿ ಕ್ರೋಮ್ ಬಂದಾಗ ಅದರ ಮುಖ್ಯ ಹೆಗ್ಗಳಿಕೆಯೆಂದರೆ ಟ್ಯಾಬುಗಳನ್ನು ಪ್ರತ್ಯೇಕ ಪ್ರೊಸೆಸ್‌ಗಳಲ್ಲಿ, ಅಂದರೆ ಒಂದಕ್ಕೊಂದು ಬೇರ್ಪಟ್ಟ ಕಾರ್ಯಕ್ರಮಗಳಾಗಿ, ನಡೆಸುವ ಪದ್ಧತಿ. ಒಂದು ಪುಟ ಕೆಟ್ಟರೆ ಉಳಿದವು ಬದುಕಿರಬೇಕು ಎಂಬುದು ಅದರ ಉದ್ದೇಶ. 2018ರಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ ಬೆಳಕಿಗೆ ಬಂದ ಬಳಿಕ, ಕ್ರೋಮ್ 67ರಿಂದ, ಒಂದೇ ಪುಟದೊಳಗೆ ಬೇರೆ ತಾಣಗಳಿಂದ ಬಂದು ಕೂರುವ ಜಾಹೀರಾತು ಚೌಕಟ್ಟುಗಳಿಗೂ ಪ್ರತ್ಯೇಕ ಪ್ರೊಸೆಸ್ ಕೊಡುವ ಕ್ರಮ ಜಾರಿಗೆ ಬಂತು. ಭದ್ರತೆಯ ದೃಷ್ಟಿಯಿಂದ ಇದು ಸರಿಯಾದ ನಿರ್ಧಾರ. ಆದರೆ ಇದರಿಂದ ಮೆಮೊರಿ ಬಳಕೆ ಶೇ. 10ರಿಂದ 13ರಷ್ಟು ಏರುತ್ತದೆಂದು ಗೂಗಲ್ ಆಗಲೇ ಹೇಳಿತ್ತು. 16 ಜಿಬಿ ಇರುವವರಿಗೆ ತಿಳಿಯದ ಈ ಹೆಚ್ಚಳ 4 ಜಿಬಿ ಇರುವ ನಿಮ್ಮಂಥವರಿಗೆ ನೇರವಾಗಿ ತಟ್ಟುತ್ತದೆ.

ಇನ್ನು ಪ್ರತಿಯೊಂದು ಪುಟದ ಒಳಗೆ ‘ಮೇನ್ ಥ್ರೆಡ್’ ಎಂಬ ಮುಖ್ಯ ಎಳೆಯೊಂದಿರುತ್ತದೆ. ಪುಟದ ಜಾವಾಸ್ಕ್ರಿಪ್ಟ್ (ಪುಟದೊಂದಿಗೆ ಬರುವ ಆದೇಶಗಳ ಸರಣಿ, ಚಿಕ್ಕದಾಗಿ ‘ಸ್ಕ್ರಿಪ್ಟ್’) ನಡೆಸುವುದು, ಅಕ್ಷರ ಮತ್ತು ಚಿತ್ರಗಳ ಸ್ಥಾನವನ್ನು ಲೆಕ್ಕ ಹಾಕುವುದು, ನೀವು ಕ್ಲಿಕ್ ಮಾಡಿದಾಗ ಉತ್ತರಿಸುವುದು, ಇವೆಲ್ಲವೂ ಅದೊಂದರದೇ ಹೊಣೆ. ಒಂದೇ ಕಿಟಕಿಯಿರುವ ಟಿಕೆಟ್ ಕೌಂಟರಿನಲ್ಲಿ ಮುಂದಿನವರ ವ್ಯವಹಾರ ಮುಗಿಯುವವರೆಗೆ ಹಿಂದಿನವರು ನಿಂತೇ ಇರುವಂತೆ, ಒಂದು ಜಾಹೀರಾತು ಸ್ಕ್ರಿಪ್ಟ್ ಐದು ಸೆಕೆಂಡು ಆ ಎಳೆಯನ್ನು ಹಿಡಿದುಕೊಂಡರೆ ನಿಮ್ಮ ಕ್ಲಿಕ್ ಕೂಡ ಅಷ್ಟು ಹೊತ್ತು ಕಾಯಬೇಕಾಗುತ್ತದೆ. ಸಾಮಾನ್ಯ ಪರದೆ ಸೆಕೆಂಡಿಗೆ 60 ಬಾರಿ ಹೊಸ ಚಿತ್ರ ತೋರಿಸುವುದರಿಂದ ಒಂದೊಂದು ಚಿತ್ರಕ್ಕೆ ಸಿಗುವ ಕಾಲ ಸುಮಾರು 16 ಮಿಲಿಸೆಕೆಂಡ್ ಮಾತ್ರ. ಕೆಲಸ ಅದನ್ನು ಮೀರಿದರೆ ಕಣ್ಣಿಗೆ ತಡವರಿಕೆ ಕಾಣುತ್ತದೆ, ಬಹಳ ಮೀರಿದರೆ ಪುಟ ಸ್ತಬ್ಧವಾಗುತ್ತದೆ.

ಸ್ಕ್ರಾಲ್ ಈ ಸರತಿಯಲ್ಲಿ ಸಿಲುಕಬಾರದೆಂದೇ ಬ್ರೌಸರುಗಳು ಅದನ್ನು ‘ಕಂಪಾಸಿಟರ್’ ಎಂಬ ಬೇರೊಂದು ಎಳೆಗೆ ವಹಿಸಿವೆ. ಆದರೆ ಪುಟದ ಸ್ಕ್ರಿಪ್ಟ್ ‘ಮೌಸ್ ಚಕ್ರ ತಿರುಗಿದಾಗಲೆಲ್ಲ ಮೊದಲು ನನ್ನನ್ನು ಕೇಳಬೇಕು’ ಎಂದು ನೋಂದಾಯಿಸಿಕೊಂಡಿದ್ದರೆ ಕಂಪಾಸಿಟರ್ ಕೂಡ ಅದರ ಒಪ್ಪಿಗೆಗೆ ಕಾಯುತ್ತದೆ. ಈ ಕಾಟವನ್ನು ತಗ್ಗಿಸಲು ಕ್ರೋಮ್ 2017ರಲ್ಲಿ ಬೆರಳ ಸ್ಪರ್ಶದ ವಿಚಾರದಲ್ಲಿಯೂ, 2019ರಲ್ಲಿ ಮೌಸ್ ಚಕ್ರದ ವಿಚಾರದಲ್ಲಿಯೂ ಇಡೀ ಪುಟಕ್ಕೆ ಹಾಕುವ ಇಂಥ ನೋಂದಣಿಗಳಿಗೆ ತಡೆಯುವ ಅಧಿಕಾರವಿಲ್ಲ ಎಂಬುದನ್ನು ಪೂರ್ವನಿಗದಿ ನಿಯಮವಾಗಿಸಿತು. ಪುಟದೊಳಗಿನ ಸಣ್ಣ ಭಾಗಗಳಿಗೆ ಹಾಕಿದ ನೋಂದಣಿಗಳು ಈಗಲೂ ತಡೆಯಬಲ್ಲವು. ಭೂಪಟ ಅಥವಾ ಚಿತ್ರಮಾಲಿಕೆಯ ಮೇಲೆ ಮೌಸ್ ಇದ್ದಾಗ ಪುಟ ಸರಿಯದೆ, ಪಕ್ಕದ ಖಾಲಿ ಜಾಗಕ್ಕೆ ಒಯ್ದೊಡನೆ ಸರಿಯುವುದಕ್ಕೆ ಕಾರಣ ಸಾಮಾನ್ಯವಾಗಿ ಇದೇ.

ಈಗ ಮೊದಲನೆಯ ದೋಷವನ್ನು ನೋಡೋಣ. ಪುಟ ಹ್ಯಾಂಗ್ ಆದ ಕ್ಷಣದಲ್ಲಿ ಏನನ್ನೂ ಮುಚ್ಚದೆ, ಹ್ಯಾಂಗ್ ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ಗಮನಿಸಿ. ಪಕ್ಕದ ಟ್ಯಾಬಿನಲ್ಲಿ ಬೇರೊಂದು ತಾಣ ಸರಾಗವಾಗಿ ನಡೆಯುತ್ತಿದ್ದರೆ ತಪ್ಪು ಆ ಒಂದು ಪುಟದ್ದು. ಒಂದೇ ತಾಣದ ಟ್ಯಾಬುಗಳು ಕೆಲವೊಮ್ಮೆ ಪ್ರೊಸೆಸ್ ಹಂಚಿಕೊಳ್ಳುವುದರಿಂದ, ಹೋಲಿಸಿ ನೋಡುವಾಗ ಬೇರೆ ತಾಣದ ಟ್ಯಾಬನ್ನೇ ಆರಿಸಿಕೊಳ್ಳಬೇಕು. ಎಲ್ಲ ಟ್ಯಾಬುಗಳೂ, ಬ್ರೌಸರಿನ ಮೆನು ಸಹ, ನಿಂತಿದ್ದರೆ ಎಕ್ಸ್‌ಟೆನ್ಶನ್ (ಬ್ರೌಸರಿಗೆ ನೀವು ಸೇರಿಸಿಕೊಂಡಿರುವ ಸಣ್ಣ ತಂತ್ರಾಂಶ) ಅಥವಾ ಗ್ರಾಫಿಕ್ಸ್ ಕಡೆ ಸಂಶಯಪಡಬೇಕು. ವರ್ಡ್, ಫೈಲ್ ಕಿಟಕಿಗಳು ಕೂಡ ತೆವಳುತ್ತಿದ್ದು ಹಾರ್ಡ್ ಡಿಸ್ಕಿನ ದೀಪ ಬಿಡದೆ ಮಿನುಗುತ್ತಿದ್ದರೆ ಮೆಮೊರಿ ಸಾಲುತ್ತಿಲ್ಲ ಎಂದರ್ಥ. ಈ ಒಂದು ಗಮನಿಕೆ ಎಷ್ಟೋ ವ್ಯರ್ಥ ಪ್ರಯತ್ನಗಳನ್ನು ಉಳಿಸುತ್ತದೆ.

ಮುಂದಿನ ಹೆಜ್ಜೆಗೆ ಕ್ರೋಮಿನೊಳಗೇ ಒಂದು ಟಾಸ್ಕ್ ಮ್ಯಾನೇಜರ್ ಇದೆ. ಬಹಳ ಮಂದಿಗೆ ಇದರ ಪರಿಚಯವಿಲ್ಲ ಎಂಬುದು ಬೇಸರದ ಸಂಗತಿ, ಏಕೆಂದರೆ ಇದಕ್ಕಿಂತ ಉಪಯುಕ್ತವಾದ ಸಾಧನ ಬ್ರೌಸರಿನಲ್ಲಿ ಇನ್ನೊಂದಿಲ್ಲ. ಕ್ರೋಮ್ ಮುಂದಿರುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಎಸ್ಕೇಪ್ ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ಅಲ್ಲಿ ಪ್ರತಿ ಟ್ಯಾಬಿಗೆ, ಪ್ರತಿ ಜಾಹೀರಾತು ಚೌಕಟ್ಟಿಗೆ, ಪ್ರತಿ ಎಕ್ಸ್‌ಟೆನ್ಶನ್ನಿಗೆ ಸಾಲುಗಳಿದ್ದು, ಎದುರಿಗೆ ಅದು ಬಳಸುತ್ತಿರುವ ಮೆಮೊರಿ ಮತ್ತು ಸಿಪಿಯು (ಪ್ರೊಸೆಸರ್) ಪ್ರಮಾಣ ಕಾಣುತ್ತದೆ. ಸಿಪಿಯು ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಅತಿ ಹೆಚ್ಚು ಬಳಸುವುದು ಮೇಲಕ್ಕೆ ಬರುತ್ತದೆ. ಯಾವುದಾದರೂ ಸಾಲಿನಲ್ಲಿ 100ರ ಆಸುಪಾಸಿನ ಸಂಖ್ಯೆ ಇಳಿಯದೆ ನಿಂತಿದ್ದರೆ ಅದು ಪ್ರೊಸೆಸರಿನ ಒಂದು ಕೋರನ್ನು ಪೂರ್ತಿಯಾಗಿ ಆಕ್ರಮಿಸಿಕೊಂಡಿದೆ. ಆ ಸಾಲನ್ನು ಆರಿಸಿ ‘ಎಂಡ್ ಪ್ರೊಸೆಸ್’ ಒತ್ತಿದರೆ ಅದೊಂದೇ ಮುಗಿಯುತ್ತದೆ, ಉಳಿದ ಟ್ಯಾಬುಗಳು ಹಾಗೆಯೇ ಇರುತ್ತವೆ. ಸುದ್ದಿ ಪುಟದೊಳಗಿನ ಒಂದು ಜಾಹೀರಾತು ಚೌಕಟ್ಟನ್ನು ಮಾತ್ರ ಹೀಗೆ ಮುಗಿಸಿ ಲೇಖನವನ್ನು ನೆಮ್ಮದಿಯಿಂದ ಓದಿ ಮುಗಿಸುವುದೂ ಸಾಧ್ಯ. ಫೈರ್‌ಫಾಕ್ಸ್ ಬಳಸುವವರಿಗೆ ಇಂಥದೇ ಪಟ್ಟಿ ಅದರ ಮೆನುವಿನ ‘ಮೋರ್ ಟೂಲ್ಸ್’ ಅಡಿಯಲ್ಲಿ ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹ್ಯಾಂಗ್ ಆದ ಟ್ಯಾಬಿನಲ್ಲಿ ನೀವು ಅರ್ಧ ತುಂಬಿದ ಅರ್ಜಿ ಇದ್ದರೆ ಅದನ್ನು ಮುಗಿಸಲು ಆತುರಪಡಬಾರದು. ‘ಪುಟ ಸ್ಪಂದಿಸುತ್ತಿಲ್ಲ’ ಎಂಬ ಸೂಚನೆ ಬಂದಾಗ ಕಾಯುವ ಗುಂಡಿಯನ್ನೇ ಒತ್ತಿ ಎರಡು ಮೂರು ನಿಮಿಷ ಬಿಡಿ, ಮುಗಿಸಿದರೆ ಟೈಪ್ ಮಾಡಿದ್ದೆಲ್ಲ ಹೋಗಬಹುದು. ಹಣ ಪಾವತಿಸುವ ಹಂತದಲ್ಲಿ ನಿಂತಿದ್ದರೆ ಬ್ಯಾಂಕಿನ ಸಂದೇಶವನ್ನು ಅಥವಾ ಖಾತೆಯನ್ನು ನೋಡಿಕೊಳ್ಳದೆ ಎರಡನೆಯ ಬಾರಿ ಪಾವತಿ ಮಾಡಬಾರದು.

ತಪ್ಪಿತಸ್ಥ ಸಾಲು ಎಕ್ಸ್‌ಟೆನ್ಶನ್ನಿನದಾಗಿದ್ದರೆ ಪರಿಹಾರ ಸುಲಭ: ಅದನ್ನು ತೆಗೆದುಹಾಕಿ. ಎಕ್ಸ್‌ಟೆನ್ಶನ್ ಎಂಬುದು ನೀವು ತೆರೆಯುವ ಪುಟಗಳ ಒಳಗೂ ತನ್ನ ಸ್ಕ್ರಿಪ್ಟ್ ಸೇರಿಸಬಲ್ಲದು. ಆಗ ಹೊರೆ ಪುಟದ ಹೆಸರಿನಲ್ಲಿ ದಾಖಲಾಗುತ್ತದೆಯೇ ಹೊರತು ಎಕ್ಸ್‌ಟೆನ್ಶನ್ ಹೆಸರಿನಲ್ಲಿ ಅಲ್ಲ. ಆದ್ದರಿಂದ ತೊಂದರೆ ಕೊಡುವ ಪುಟವನ್ನು ಒಮ್ಮೆ ‘ಇನ್‌ಕಾಗ್ನಿಟೋ’ ಎಂಬ ಖಾಸಗಿ ಕಿಟಕಿಯಲ್ಲಿ ತೆರೆದು ನೋಡಿ. ನೀವಾಗಿ ಅನುಮತಿ ಕೊಟ್ಟಿರದಿದ್ದರೆ ಎಕ್ಸ್‌ಟೆನ್ಶನ್ನುಗಳು ಅಲ್ಲಿ ಕೆಲಸ ಮಾಡುವುದಿಲ್ಲ, ಹಳೆಯ ಕುಕಿಗಳೂ (ತಾಣಗಳು ನಿಮ್ಮ ಬ್ರೌಸರಿನಲ್ಲಿ ಇಡುವ ಸಣ್ಣ ದಾಖಲೆಗಳು) ಅಲ್ಲಿಗೆ ಬರುವುದಿಲ್ಲ. ಅಲ್ಲಿ ಸರಾಗವಾಗಿ ನಡೆದರೆ ಕಾರಣ ಇವೆರಡರಲ್ಲಿ ಒಂದು. ಎಕ್ಸ್‌ಟೆನ್ಶನ್ನುಗಳು ಹತ್ತು ಹನ್ನೆರಡಿದ್ದರೆ ಒಂದೊಂದಾಗಿ ಪರೀಕ್ಷಿಸುವ ಅಗತ್ಯವಿಲ್ಲ. ಅರ್ಧದಷ್ಟನ್ನು ಆಫ್ ಮಾಡಿ ನೋಡಿ. ತೊಂದರೆ ಹೋದರೆ ತಪ್ಪಿತಸ್ಥ ಆ ಅರ್ಧದಲ್ಲಿದೆ, ಹೋಗದಿದ್ದರೆ ಉಳಿದರ್ಧದಲ್ಲಿದೆ, ಮತ್ತೆ ಅದನ್ನು ಅರ್ಧ ಮಾಡಿ. ಎಲ್ಲವನ್ನೂ ಆಫ್ ಮಾಡಿದರೂ ಆ ಒಂದು ತಾಣದಲ್ಲಿ ತೊಂದರೆ ಉಳಿದರೆ ಆ ತಾಣದ ಕುಕಿಗಳನ್ನು ಮಾತ್ರ ಅಳಿಸಿ, ಎಲ್ಲ ತಾಣಗಳದ್ದನ್ನು ಅಳಿಸಿ ಎಲ್ಲ ಕಡೆಯೂ ಮತ್ತೆ ಲಾಗಿನ್ ಆಗುವ ಕಷ್ಟ ಬೇಡ.

ಕ್ರೋಮ್ ತೆಗೆದು ಮತ್ತೆ ಹಾಕಿದರೂ ಏಕೆ ಪ್ರಯೋಜನವಾಗಲಿಲ್ಲ ಎಂಬುದಕ್ಕೂ ಇಲ್ಲಿ ಉತ್ತರವಿದೆ. ನಿಮ್ಮ ಎಕ್ಸ್‌ಟೆನ್ಶನ್, ಕುಕಿ, ಸೆಟ್ಟಿಂಗ್ ಎಲ್ಲವೂ ಇರುವುದು ವಿಂಡೋಸಿನ ನಿಮ್ಮ ಬಳಕೆದಾರ ಫೋಲ್ಡರಿನೊಳಗಿನ ‘ಪ್ರೊಫೈಲ್’ನಲ್ಲಿ. ಕ್ರೋಮ್ ತೆಗೆಯುವಾಗ ಬ್ರೌಸಿಂಗ್ ಮಾಹಿತಿಯನ್ನೂ ಅಳಿಸಬೇಕೆ ಎಂದು ಕೇಳುವ ಚೌಕದಲ್ಲಿ ಗುರುತು ಹಾಕದಿದ್ದರೆ ಆ ಫೋಲ್ಡರ್ ಅಲ್ಲೇ ಉಳಿದು, ಹೊಸದಾಗಿ ಹಾಕಿದ ಕ್ರೋಮ್ ಅದನ್ನೇ ಮತ್ತೆ ಬಳಸುತ್ತದೆ. ಗುರುತು ಹಾಕಿ ಅಳಿಸಿದ್ದರೂ, ಗೂಗಲ್ ಖಾತೆಯಲ್ಲಿ ಸಿಂಕ್ ಇದ್ದರೆ ಲಾಗಿನ್ ಆದ ಸ್ವಲ್ಪ ಹೊತ್ತಿನಲ್ಲಿ ಅದೇ ಎಕ್ಸ್‌ಟೆನ್ಶನ್ನುಗಳು ಮರಳಿ ಬಂದು ಕೂರುತ್ತವೆ. ಹೀಗಾಗಿ ಮರುಸ್ಥಾಪನೆಗಿಂತ ಉತ್ತಮ ಪರೀಕ್ಷೆಯೆಂದರೆ ಕ್ರೋಮಿನ ಮೇಲ್ಭಾಗದ ಬಲಗಡೆಯ ನಿಮ್ಮ ಚಿತ್ರದ ಮೇಲೆ ಕ್ಲಿಕ್ ಮಾಡಿ, ಖಾತೆಗೆ ಲಾಗಿನ್ ಆಗದೆ ಒಂದು ಹೊಸ ಪ್ರೊಫೈಲ್ ತೆರೆಯುವುದು. ಅದರಲ್ಲಿ ಎಲ್ಲ ಸರಿಯಿದ್ದರೆ ಹಳೆಯ ಪ್ರೊಫೈಲಿಗೆ ಮರಳಿ, ಸೆಟ್ಟಿಂಗ್ಸ್‌ನಲ್ಲಿರುವ ‘ರೀಸೆಟ್’ ಬಳಸಬಹುದು. ಅದರಿಂದ ಬುಕ್‌ಮಾರ್ಕ್, ಹಿಸ್ಟರಿ, ಉಳಿಸಿದ ಪಾಸ್‌ವರ್ಡ್ ಹೋಗುವುದಿಲ್ಲ. ಎಕ್ಸ್‌ಟೆನ್ಶನ್ನುಗಳು ಆಫ್ ಆಗುತ್ತವೆ, ಕುಕಿಗಳು ಅಳಿಯುತ್ತವೆ.

ಗ್ರಾಫಿಕ್ಸ್ ಸಂಶಯವನ್ನು ಬೇಗ ಪರೀಕ್ಷಿಸಬಹುದು. ಕ್ರೋಮ್ ಸೆಟ್ಟಿಂಗ್ಸ್‌ನ ‘ಸಿಸ್ಟಮ್’ ವಿಭಾಗದಲ್ಲಿ ಗ್ರಾಫಿಕ್ಸ್ ಆಕ್ಸಿಲರೇಶನ್ ಎಂಬ ಸ್ವಿಚ್ ಇದೆ. ಅದನ್ನು ಆಫ್ ಮಾಡಿ ಬ್ರೌಸರನ್ನು ಮರಳಿ ಶುರು ಮಾಡಿ, ಒಂದೆರಡು ದಿನ ಬಳಸಿ ನೋಡಿ. ಸ್ಕ್ರಾಲ್ ಮಾಡುವಾಗ ಪುಟ ಬಿಳಿಯಾಗಿ ಅಥವಾ ಕಪ್ಪಾಗಿ ಹರಿದಂತೆ ಕಾಣುತ್ತಿದ್ದು ಈಗ ನಿಂತರೆ ಗ್ರಾಫಿಕ್ಸ್ ಡ್ರೈವರ್ (ಪರದೆಯ ಚಿತ್ರ ಮೂಡಿಸುವ ಭಾಗವನ್ನು ನಡೆಸುವ ತಂತ್ರಾಂಶ) ಹಳೆಯದಾಗಿದೆ ಎಂದು ತಿಳಿದು, ಲ್ಯಾಪ್‌ಟಾಪ್ ತಯಾರಕರ ತಾಣದಿಂದಲೇ ಹೊಸದನ್ನು ಹಾಕಿಕೊಳ್ಳಿ. ಡ್ರೈವರ್ ಹುಡುಕಿಕೊಡುತ್ತೇವೆ, ಕಂಪ್ಯೂಟರಿನ ವೇಗ ಹೆಚ್ಚಿಸುತ್ತೇವೆ ಎಂದು ಜಾಹೀರಾತು ಕೊಡುವ ತಂತ್ರಾಂಶಗಳನ್ನು ದಯವಿಟ್ಟು ಹತ್ತಿರಕ್ಕೂ ಸೇರಿಸಬೇಡಿ. ಅವುಗಳಲ್ಲಿ ಅನೇಕವು ಹಿನ್ನೆಲೆಯಲ್ಲಿ ಸದಾ ನಡೆಯುತ್ತಾ ತಾವೇ ಹೊರೆಯಾಗುತ್ತವೆ. ಸ್ವಿಚ್ಚಿನಿಂದ ವ್ಯತ್ಯಾಸವೇ ಕಾಣದಿದ್ದರೆ ಮತ್ತೆ ಆನ್ ಮಾಡಿಬಿಡಿ, ಏಕೆಂದರೆ ಅದು ಆಫ್ ಇದ್ದಾಗ ವಿಡಿಯೊ ತೋರಿಸುವ ಭಾರವೆಲ್ಲ ಸಿಪಿಯು ಮೇಲೆ ಬೀಳುತ್ತದೆ.

ನಿಮ್ಮ ವಿಷಯದಲ್ಲಿ ನನಗೆ ಹೆಚ್ಚಿನ ಸಂಶಯವಿರುವುದು ಮೆಮೊರಿಯ ಮೇಲೆ. 4 ಜಿಬಿಯಲ್ಲಿ ದೊಡ್ಡ ಪಾಲನ್ನು ವಿಂಡೋಸ್ ಮತ್ತು ಆಂಟಿವೈರಸ್ ತೆಗೆದುಕೊಳ್ಳುತ್ತವೆ. ಉಳಿದುದರಲ್ಲಿ ಐದಾರು ಸುದ್ದಿ ಪುಟಗಳು ತುಂಬಿಕೊಂಡಾಗ ವಿಂಡೋಸ್ ಸದ್ಯ ಬೇಡವಾದ ಮಾಹಿತಿಯನ್ನು ಹಾರ್ಡ್ ಡಿಸ್ಕಿಗೆ ಬರೆದು ಜಾಗ ಮಾಡಿಕೊಳ್ಳುತ್ತದೆ, ಅದೇ ಮಾಹಿತಿ ಬೇಕಾದಾಗ ಮತ್ತೆ ಓದಿ ತರುತ್ತದೆ. ರ‍್ಯಾಮ್‌ನಿಂದ ಮಾಹಿತಿ ತರಲು ಬೇಕಾಗುವುದು ಸುಮಾರು 100 ನ್ಯಾನೊಸೆಕೆಂಡ್; ತಿರುಗುವ ಹಾರ್ಡ್ ಡಿಸ್ಕಿನಿಂದ ತರಲು ಬೇಕಾಗುವುದು ಸುಮಾರು 10 ಮಿಲಿಸೆಕೆಂಡ್, ಅಂದರೆ ಒಂದು ಲಕ್ಷ ಪಟ್ಟು ಹೆಚ್ಚು. ‘ಅರ್ಧ ನಿಮಿಷ ನಿಂತು ಆಮೇಲೆ ತಾನೇ ಸರಿಹೋಗುತ್ತದೆ’ ಎಂದು ನೀವು ಬರೆದಿರುವುದು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಖಚಿತಪಡಿಸಿಕೊಳ್ಳಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದಿಡಿ. ಪುಟ ನಿಂತ ಹೊತ್ತಿನಲ್ಲಿ ಮೆಮೊರಿ ಶೇ. 90 ದಾಟಿ, ಡಿಸ್ಕ್ ಶೇ. 100ಕ್ಕೆ ಅಂಟಿಕೊಂಡಿದ್ದರೆ ಮತ್ತೆ ಅನುಮಾನ ಬೇಡ.

ಹಣ ಖರ್ಚು ಮಾಡದೆ ಇದನ್ನು ಒಂದಿಷ್ಟು ತಗ್ಗಿಸಬಹುದು. ಕ್ರೋಮ್ ಸೆಟ್ಟಿಂಗ್ಸ್‌ನ ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ‘ಮೆಮೊರಿ ಸೇವರ್’ ಆನ್ ಮಾಡಿದರೆ, ನೀವು ನೋಡದೆ ಬಿಟ್ಟಿರುವ ಟ್ಯಾಬುಗಳನ್ನು ಅದು ಮೆಮೊರಿಯಿಂದ ಇಳಿಸಿ, ಮತ್ತೆ ಕ್ಲಿಕ್ ಮಾಡಿದಾಗ ಲೋಡ್ ಮಾಡುತ್ತದೆ. ಒಂದು ಲೇಖನ ಮುಗಿದೊಡನೆ ಅದರ ಕೆಳಗೇ ಇನ್ನೊಂದನ್ನು ತಾನಾಗಿ ಜೋಡಿಸುತ್ತಾ ಹೋಗುವ ತಾಣಗಳಲ್ಲಿ ಪುಟದ ಭಾರ ಇಳಿಯುವುದೇ ಇಲ್ಲ, ಆದ್ದರಿಂದ ಬಹಳ ಹೊತ್ತು ಓದುವಾಗ ನಡುವೆ ಒಮ್ಮೆ ರೀಲೋಡ್ ಮಾಡುವುದು ಒಳ್ಳೆಯದು. ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ.

ಎರಡನೆಯ ದೋಷದತ್ತ ಬರುತ್ತೇನೆ. ಸ್ಕ್ರಾಲ್ ಆಗದ ಪುಟದಲ್ಲಿ ಮೊದಲು ಬಲ ಅಂಚಿನ ಸ್ಕ್ರಾಲ್ ಪಟ್ಟಿಯನ್ನು ನೋಡಿ. ಪಟ್ಟಿಯೇ ಕಾಣೆಯಾಗಿದ್ದರೆ ಪುಟ ತನ್ನನ್ನು ತಾನೇ ಬೀಗ ಹಾಕಿಕೊಂಡಿದೆ. ಪಟ್ಟಿ ಇದ್ದು, ಅದನ್ನು ಹಿಡಿದು ಎಳೆದರೆ ಪುಟ ಸರಿಯುತ್ತದೆ, ಚಕ್ರಕ್ಕೆ ಮಾತ್ರ ಮಣಿಯುವುದಿಲ್ಲ ಎಂದಾದರೆ, ಹಿಂದೆ ಹೇಳಿದ ಸ್ಕ್ರಿಪ್ಟ್ ನೋಂದಣಿ ಅಥವಾ ಎಕ್ಸ್‌ಟೆನ್ಶನ್ ಕಾರಣ.

ಬೀಗದ ಕಥೆ ಹೀಗಿದೆ. ‘ಸೂಚನೆಗಳಿಗೆ ಅನುಮತಿ ಕೊಡಿ’, ‘ಚಂದಾದಾರರಾಗಿ’, ‘ಕುಕಿಗಳನ್ನು ಒಪ್ಪಿಕೊಳ್ಳಿ’ ಎಂದು ಕೇಳುವ ಚೌಕವನ್ನು ತೋರಿಸುವಾಗ ಹಿಂದಿನ ಲೇಖನ ಅಲುಗಾಡದಿರಲೆಂದು ತಾಣದವರು ಪುಟದ ಶೈಲಿಯಲ್ಲಿ ‘ಓವರ್‌ಫ್ಲೋ: ಹಿಡನ್’ ಎಂಬ ಸೂತ್ರವನ್ನು ಸೇರಿಸುತ್ತಾರೆ. ನೀವು ಚೌಕವನ್ನು ಮುಚ್ಚಿದಾಗ ಸ್ಕ್ರಿಪ್ಟ್ ಆ ಸೂತ್ರವನ್ನು ತೆಗೆಯಬೇಕು. ಆದರೆ ನಿಮ್ಮ ಜಾಹೀರಾತು ತಡೆ ಎಕ್ಸ್‌ಟೆನ್ಶನ್ ಆ ಚೌಕವನ್ನೇ ಕಾಣದಂತೆ ಮಾಡಿದ್ದರೆ ಮುಚ್ಚುವ ಗುಂಡಿಯೂ ಅದರೊಂದಿಗೆ ಮಾಯವಾಗುತ್ತದೆ. ಬೀಗ ಹಾಗೆಯೇ ಉಳಿಯುತ್ತದೆ. ಅದೇ ಪುಟವನ್ನು ಇನ್‌ಕಾಗ್ನಿಟೋದಲ್ಲಿ ತೆರೆದಾಗ ಅಂಥ ಚೌಕವೊಂದು ಎದ್ದು ಬಂದು, ಅದನ್ನು ಮುಚ್ಚಿದೊಡನೆ ಸ್ಕ್ರಾಲ್ ಆದರೆ ನಿಮ್ಮಲ್ಲಿಯೂ ನಡೆದಿರುವುದು ಇದೇ. ಆ ತಾಣದ ಮಟ್ಟಿಗೆ ಜಾಹೀರಾತು ತಡೆಯನ್ನು ನಿಲ್ಲಿಸುವುದು ನೇರ ಪರಿಹಾರ. ತಾಣದವರ ಕಡೆಯ ತಪ್ಪೂ ಇದರಲ್ಲಿದೆ: ಓದುಗರ ಸ್ಕ್ರಾಲನ್ನು ಕಿತ್ತುಕೊಂಡು ಅನುಮತಿ ಕೇಳುವ ಈ ರೂಢಿ ನಿಲ್ಲಬೇಕು.

ಬೀಗವನ್ನು ಕೈಯಾರೆ ತೆಗೆಯುವುದೂ ಕಷ್ಟವಲ್ಲ. ಪುಟದಲ್ಲಿ ಎಫ್12 ಒತ್ತಿದರೆ ಡೆವಲಪರ್ ಉಪಕರಣಗಳ ಕಿಟಕಿ ತೆರೆಯುತ್ತದೆ. ‘ಎಲಿಮೆಂಟ್ಸ್’ ಭಾಗದಲ್ಲಿ ಪುಟದ ರಚನೆ ಸಾಲು ಸಾಲಾಗಿ ಕಾಣುತ್ತದೆ. ಅದರಲ್ಲಿ ‘ಬಾಡಿ’ ಎಂದು ಆರಂಭವಾಗುವ ಸಾಲಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ. ಪಕ್ಕದ ‘ಸ್ಟೈಲ್ಸ್’ ಭಾಗದಲ್ಲಿ ಆ ಸಾಲಿಗೆ ಅನ್ವಯವಾಗುವ ಸೂತ್ರಗಳ ಪಟ್ಟಿ ಬರುತ್ತದೆ. ಅಲ್ಲಿ ‘ಓವರ್‌ಫ್ಲೋ: ಹಿಡನ್’ ಸಿಕ್ಕಿದರೆ ಮೌಸನ್ನು ಅದರ ಮೇಲೆ ಒಯ್ಯಿರಿ, ಎಡಗಡೆ ಒಂದು ಸಣ್ಣ ಚೌಕ ಕಾಣಿಸುತ್ತದೆ, ಅದರ ಗುರುತನ್ನು ತೆಗೆಯಿರಿ. ಬಲ ಅಂಚಿನಲ್ಲಿ ಸ್ಕ್ರಾಲ್ ಪಟ್ಟಿ ಆ ಕ್ಷಣವೇ ಮರಳುತ್ತದೆ. ‘ಬಾಡಿ’ಯಲ್ಲಿ ಸಿಗದಿದ್ದರೆ ಅದರ ಮೇಲಿರುವ ‘ಎಚ್‌ಟಿಎಮ್‌ಎಲ್’ ಸಾಲಿನಲ್ಲಿಯೂ ನೋಡಿ. ಕೆಲವರು ‘ಪೊಸಿಶನ್: ಫಿಕ್ಸ್‌ಡ್’ ಎಂಬ ಸೂತ್ರದಿಂದಲೂ ಬೀಗ ಹಾಕುತ್ತಾರೆ. ಈ ಬದಲಾವಣೆ ನಿಮ್ಮ ಪರದೆಗೆ ಮಾತ್ರ ಸೀಮಿತ, ಪುಟವನ್ನು ರೀಲೋಡ್ ಮಾಡಿದರೆ ಹೋಗುತ್ತದೆ. ಅದೇ ಕಿಟಕಿಯಲ್ಲಿರುವ ‘ಕನ್ಸೋಲ್’ ಭಾಗಕ್ಕೆ ಮಾತ್ರ, ಯಾರೇ ಹೇಳಿದರೂ, ನಿಮಗೆ ಅರ್ಥವಾಗದ ಸಾಲುಗಳನ್ನು ತಂದು ಅಂಟಿಸಬೇಡಿ. ಖಾತೆಗಳನ್ನು ಕದಿಯುವವರು ಈ ದಾರಿಯನ್ನು ಬಳಸುವುದುಂಟು. ಇಷ್ಟೆಲ್ಲ ಬೇಡ ಎನಿಸಿದರೆ ಎಡ್ಜ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಲೇಖನ ತೆರೆದು ಎಫ್9 ಒತ್ತಿ. ಆ ಪುಟಕ್ಕೆ ಓದುವ ನೋಟ ಲಭ್ಯವಿದ್ದರೆ ಜಾಹೀರಾತು, ಚೌಕ, ಬೀಗ ಯಾವುದೂ ಇಲ್ಲದೆ ಬರಹವಷ್ಟೇ ಉಳಿಯುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ದಿನಪತ್ರಿಕೆ ಓದುವವರಿಗೆ ಇದು ನನ್ನ ಮೊದಲ ಸಲಹೆ.

ಎಲ್ಲ ತಾಣಗಳಲ್ಲಿಯೂ ಸ್ಕ್ರಾಲ್ ನಿಂತರೆ ಕೀಲಿಮಣೆಯನ್ನು ಗಮನಿಸಿ. ಕಂಟ್ರೋಲ್ ಕೀಲಿ ಸಿಕ್ಕಿಕೊಂಡಿದ್ದರೆ ಚಕ್ರ ತಿರುಗಿಸಿದಾಗ ಅಕ್ಷರಗಳು ದೊಡ್ಡದು ಚಿಕ್ಕದಾಗುತ್ತವೆ, ಶಿಫ್ಟ್ ಸಿಕ್ಕಿಕೊಂಡಿದ್ದರೆ ಪುಟ ಅಡ್ಡಕ್ಕೆ ಸರಿಯಲು ನೋಡುತ್ತದೆ. ಕೈತಪ್ಪಿ ಎಫ್7 ಒತ್ತಿ ಒಪ್ಪಿಗೆ ಕೊಟ್ಟಿದ್ದರೆ ಬಾಣದ ಕೀಲಿಗಳು ಪುಟವನ್ನು ಸರಿಸುವ ಬದಲು ಅಕ್ಷರಗಳ ನಡುವೆ ಕರ್ಸರನ್ನು ನಡೆಸುತ್ತವೆ, ಮತ್ತೊಮ್ಮೆ ಎಫ್7 ಒತ್ತಿದರೆ ಸರಿಹೋಗುತ್ತದೆ.

ಅಂಗಡಿಯವರ ಸಲಹೆಗೆ ಮರಳಿದರೆ, ಫಾರ್ಮ್ಯಾಟ್ ಮಾಡಿದ ಮೊದಲ ವಾರ ಕಂಪ್ಯೂಟರ್ ಹಗುರವಾಗಿ ಕಾಣುವುದು ನಿಜ, ಏಕೆಂದರೆ ಹಿನ್ನೆಲೆಯ ತಂತ್ರಾಂಶಗಳು ಆಗ ಇರುವುದಿಲ್ಲ. ರ‍್ಯಾಮ್ ಮಾತ್ರ 4 ಜಿಬಿಯೇ, ಡಿಸ್ಕ್ ಕೂಡ ಅದೇ. ಮೇಲಿನ ಪರೀಕ್ಷೆಯಲ್ಲಿ ಮೆಮೊರಿ ಮತ್ತು ಡಿಸ್ಕ್ ಎರಡೂ ತುಂಬಿದ್ದು ಕಂಡರೆ ಅಂಗಡಿಯವರಲ್ಲಿ ಕೇಳಬೇಕಾದ ಪ್ರಶ್ನೆಗಳೇ ಬೇರೆ: ಈ ಮಾದರಿಯಲ್ಲಿ ರ‍್ಯಾಮ್‌ಗೆ ಖಾಲಿ ಸ್ಲಾಟ್ ಇದೆಯೇ ಅಥವಾ ಬೋರ್ಡಿಗೆ ಬೆಸುಗೆ ಹಾಕಿದ್ದಾರೆಯೇ, ಹಾರ್ಡ್ ಡಿಸ್ಕಿನ ಜಾಗದಲ್ಲಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಬಹುದೇ, ಹಳೆಯ ಡಿಸ್ಕಿನಲ್ಲಿರುವುದನ್ನೆಲ್ಲ ಹಾಗೆಯೇ ಅದಕ್ಕೆ ನಕಲಿಸಿ ಕೊಡುತ್ತಾರೆಯೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಣ ಹಾಕುವ ಮುನ್ನ ನಿಮ್ಮ ಪ್ರೊಸೆಸರ್ ವಿಂಡೋಸ್ 11ಕ್ಕೆ ಅರ್ಹವೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ರ‍್ಯಾಮ್ ಹೆಚ್ಚಿಸುವುದು, ಎಸ್‌ಎಸ್‌ಡಿ ಹಾಕಿಸುವುದು, ಈ ಎರಡರಲ್ಲಿ ಒಂದನ್ನೇ ಮಾಡಿಸಲು ಸಾಧ್ಯವಿದ್ದರೆ, ಡಿಸ್ಕ್ ಶೇ. 100ಕ್ಕೆ ಅಂಟಿಕೊಳ್ಳುವ ನಿಮ್ಮಂಥ ಯಂತ್ರಕ್ಕೆ ನಾನು ಎಸ್‌ಎಸ್‌ಡಿಯನ್ನೇ ಮೊದಲು ಹಾಕಿಸುತ್ತೇನೆ.